ಯಾವ ಊರಿನ ಚಂದ್ರೋದಯ?

ಶ್ರಾವಣ ಬಹುಳ ಅಷ್ಟಮಿಯ ರಾತ್ರಿ ಚಂದ್ರೋದಯಕಾಲದಲ್ಲಿ ಶ್ರೀಕೃಷ್ಣನಿಗೂ ಚಂದ್ರನಿಗೂ ಅರ್ಘ್ಯವನ್ನು ಕೊಡತಕ್ಕದ್ದೆಂಬುದು ಮಾಧ್ವ ಮನೆತನಗಳ ಮಕ್ಕಳಿಗೆಲ್ಲ ತಿಳಿದ ಸಂಗತಿ. ಈ ಒಂದು ವ್ರತಕ್ಕಾಗಿಯೇ ಶ್ರೀಮದಾಚಾರ್ಯರು ‘ಜಯಂತೀನಿರ್ಣಯ’ವೆಂಬ ಪುಟ್ಟ ಗ್ರಂಥವನ್ನು ಅನುಗ್ರಹಿಸಿದ್ದಾರೆ. ಆಸ್ತಿಕ ಬಂಧುಗಳ ಮುಂದೆ ಇಲ್ಲಿ ಇಡಬಯಸುವ ಪ್ರಶ್ನೆ ಅರ್ಘ್ಯದ ವಿಧಿಯನ್ನು ಕುರಿತದ್ದಲ್ಲ. ವಿಧಿಯನ್ನು ನಿರ್ಣಯಿಸಲು ಪೀಠಗಳಿವೆ, ಪಂಡಿತರಿದ್ದಾರೆ. ಅರ್ಘ್ಯಕ್ಕೆ ಮುಂಚೆ ಅರ್ಚಕನು ನೆರೆದವರಿಗೆ ಒಂದು ಮಾತನ್ನು ಹೇಳುತ್ತಾನೆ: “ಚಂದ್ರೋದಯವಾಯಿತು.” ಆ ಮಾತನ್ನು ಆಡುವ ಅಧಿಕಾರ ಅವನಿಗೆ ಯಾವಾಗ ಬರುತ್ತದೆ? ಒಂದು ವರ್ಷ ಆ ಅಧಿಕಾರವಿಲ್ಲದೆಯೇ ನಾನು ಹಾಗೆ ನುಡಿದುದುಂಟು. ಅಂದಿನಿಂದ ಈ ವಿಚಾರ ಮನಸ್ಸನ್ನು ಬಿಟ್ಟಿಲ್ಲ.

ಆಳಂದ ತಾಲ್ಲೂಕಿನ ನಮ್ಮ ನಿಂಬರ್ಗಾ ಕರಿಮಣ್ಣಿನ ಬಯಲುಸೀಮೆಯ ಊರು. ಶ್ರಾವಣದಲ್ಲಿ ತೊಗರಿ ಇನ್ನೂ ಎತ್ತರಕ್ಕೆ ಬೆಳೆದಿರುವುದಿಲ್ಲವಾದ್ದರಿಂದ ಗುಡಿಯ ಮಾಳಿಗೆಯ ಮೇಲೆ ನಿಂತರೆ ಕಣ್ಣಿಗೆ ಅಡ್ಡಿಯಾಗುವುದು ಮೋಡವೊಂದೇ. ಬಾಲ್ಯದಲ್ಲಿ ತೀರ್ಥರೂಪರು ಅಷ್ಟಮಿಯ ರಾತ್ರಿ ಪೂಜೆಯನ್ನೆಲ್ಲ ಅಣಿಮಾಡಿಟ್ಟು ನನ್ನನ್ನು ಮಾಳಿಗೆಗೆ ಕಳುಹಿಸುತ್ತಿದ್ದರು. “ಕಂಡ್ರ ಕಂಡದ ಅನ್ನು, ಇಲ್ಲಂದ್ರ ಇಲ್ಲ ಅನ್ನು” ಎಂಬುದಷ್ಟೇ ಅವರ ಅಪ್ಪಣೆ. ಮೋಡ ಕವಿದ ವರ್ಷಗಳಲ್ಲಿ ಗಣಿತದಿಂದ ಬಂದ ವೇಳೆಗೆ ಅರ್ಘ್ಯ ನಡೆಯುತ್ತಿತ್ತು. ಆದರೆ ಶಂಖವನ್ನು ಎತ್ತುವ ಮೊದಲು ಅವರು, “ಮೋಡದಾಗ ಕಾಣವಲ್ದು, ಲೆಕ್ಕದ ಪ್ರಕಾರ ಕೊಡೂಣು” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಆ ಮಾತಿನ ಬೆಲೆ ನನಗಾಗ ತಿಳಿದಿರಲಿಲ್ಲ. ಹೇಳದಿದ್ದರೇನು ಹೋಗುತ್ತಿತ್ತು ಎಂದೇ ಎಣಿಸುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ತೀರ್ಥರೂಪರಿಗೆ ಮೊಣಕಾಲುನೋವು ಹೆಚ್ಚಾಗಿ ಅರ್ಘ್ಯವನ್ನು ಕೊಡಿಸುವ ಹೊಣೆ ನನ್ನ ಮೇಲೆ ಬಿದ್ದಿತು. ಹೈದರಾಬಾದಿನಲ್ಲಿಯೂ ಪುಣೆಯಲ್ಲಿಯೂ ಇರುವ ಬಂಧುಗಳು ಮೊಬೈಲಿನ ಮೂಲಕ ನಮ್ಮೊಡನೆ ಕೂಡಿದ್ದರು. ಎಲ್ಲರೂ ಒಂದೇ ಕ್ಷಣದಲ್ಲಿ ಅರ್ಘ್ಯವನ್ನು ಕೊಡಬೇಕೆಂಬುದು ಅವರ ಆಸೆ. ಮೊಬೈಲಿನ ಪಂಚಾಂಗದಲ್ಲಿ ಚಂದ್ರೋದಯದ ವೇಳೆಯನ್ನು ನೋಡಿದೆ. ಆ ವೇಳೆ ದಿಲ್ಲಿಗೆ ಗಣಿಸಿದ್ದೆಂಬುದನ್ನು ಮಾತ್ರ ನೋಡಲಿಲ್ಲ. ವೇಳೆಯಾದೊಡನೆ ಮಾಳಿಗೆಗೆ ಹೋದೆ. ಪೂರ್ವದಲ್ಲಿ ಮೋಡದ ಪಟ್ಟಿಯೊಂದು ಮಲಗಿತ್ತು. ಇಳಿದು ಬಂದು, “ಚಂದ್ರೋದಯ ಆತು, ಮೋಡದ ಹಿಂದ ಅದಾನ” ಎಂದುಬಿಟ್ಟೆ. ಅರ್ಘ್ಯವಾಯಿತು, ತೊಟ್ಟಿಲ ಪದಗಳು ಮೊದಲಾದವು. ಸುಮಾರು ಅರ್ಧ ಗಂಟೆಯ ಮೇಲೆ ಗಾಳಿ ಬೀಸಿ ಮೋಡ ಚದುರಲು ಮಾಳಿಗೆಯಿಂದ ಮಕ್ಕಳು ಕೂಗಿದರು. ಹೋಗಿ ನೋಡಿದರೆ ಅರ್ಧಚಂದ್ರನು ಕೆಂಪು ಬಟ್ಟಲಿನಂತೆ ಹೊಲದ ಅಂಚಿನಿಂದ ಆಗತಾನೆ ಮೇಲೇಳುತ್ತಿದ್ದ. ಅಂದರೆ ನಾನು ಹೇಳಿದಾಗ ಅವನು ಮೋಡದ ಹಿಂದೆ ಇರಲಿಲ್ಲ, ಭೂಮಿಯ ಕೆಳಗಿದ್ದ. ಓಣಿಯ ಹಿರಿಯ ಅಜ್ಜಿಯೊಬ್ಬರು ಮೆಟ್ಟಿಲನ್ನು ಹಿಡಿದು ಮೇಲೆ ಬಂದವರು ಬಹಳ ಹೊತ್ತು ಅವನನ್ನು ನೋಡಿ, “ಹಂಗಾದ್ರ ಆಗ ಅರ್ಘ್ಯ ಯಾರಿಗೆ ಕೊಟ್ಟಿವಿ ತಮ್ಮಾ?” ಎಂದರು. ಕೋಪದಿಂದ ಕೇಳಿದ ಮಾತಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ತೀರ್ಥರೂಪರು ಏನನ್ನೂ ನುಡಿಯದೆ ಕುಳಿತಲ್ಲಿಯೇ ಶಂಖವನ್ನು ಮತ್ತೊಮ್ಮೆ ತೊಳೆಯತೊಡಗಿದರು.

ಆ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟಾಗ ನನಗೆ ಮೊದಲು ಹೊಳೆದದ್ದೆಂದರೆ, ಪ್ರತಿ ತಿಂಗಳೂ ತಲೆಯ ಮೇಲೆ ನಡೆಯುವ ವ್ಯವಹಾರವನ್ನು ನಾನು ಎಂದೂ ಸರಿಯಾಗಿ ನೋಡಿರಲಿಲ್ಲವೆಂಬುದು. ಪಾಠಶಾಲೆಯಲ್ಲಿ ತಿಥಿಗಳನ್ನು ಬಾಯಿಪಾಠ ಮಾಡಿದ್ದೆವು, ಆಕಾಶವನ್ನು ಯಾರೂ ತೋರಿಸಿರಲಿಲ್ಲ. ಸೂರ್ಯನಿಂದ ಚಂದ್ರನು 12 ಅಂಶ ದೂರ ಸರಿದರೆ ಒಂದು ತಿಥಿ. ಚಂದ್ರನ ನಡಿಗೆ ಒಂದೇ ವೇಗದ್ದಲ್ಲವಾದ್ದರಿಂದ ತಿಥಿಯ ಅಳತೆ ಸುಮಾರು 20 ಗಂಟೆಗಳಿಂದ 26 ಗಂಟೆಗಳಿಗೂ ಮಿಕ್ಕಿ ಹಿಗ್ಗುತ್ತದೆ, ಕುಗ್ಗುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಹೀಗೆ ಪೂರ್ವಾಭಿಮುಖವಾಗಿ ಸರಿಯುವುದರಿಂದಲೇ ಚಂದ್ರನ ಉದಯ ದಿನದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆಯಂದು ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುವವನು, ಶುದ್ಧ ಅಷ್ಟಮಿಯ ವೇಳೆಗೆ ಮಧ್ಯಾಹ್ನ ಹುಟ್ಟಿ ನಡುರಾತ್ರಿ ಮುಳುಗುತ್ತಾನೆ. ಹುಣ್ಣಿಮೆಗೆ ಸೂರ್ಯನು ಪಶ್ಚಿಮದಲ್ಲಿ ಇಳಿಯುತ್ತಲೇ ಪೂರ್ವದಲ್ಲಿ ಏಳುತ್ತಾನೆ. ಶ್ರಾವಣ ಬಹುಳ ಬಿದಿಗೆ, ಶ್ರೀ ರಾಘವೇಂದ್ರಸ್ವಾಮಿಗಳ ಆರಾಧನೆಯ ದಿನ. ಅಂದು ದೀಪ ಹಚ್ಚಿ ತಾಸು ಕಳೆದ ಮೇಲೆ ಚಂದ್ರನ ಮುಖ ಕಾಣುತ್ತದೆ. ಆಷಾಢ ಬಹುಳ ಪಂಚಮಿಯಂದು ಮಳಖೇಡದಲ್ಲಿ ಟೀಕಾಕೃತ್ಪಾದರ ಆರಾಧನೆಗೆ ಹೋದವರು ಕಾಗಿಣಾ ನದಿಯ ಮೇಲೆ ಅವನನ್ನು ನೋಡಬೇಕಾದರೆ ರಾತ್ರಿ ಹತ್ತರ ಸುಮಾರಿನವರೆಗೆ ಕಾಯಬೇಕು. ಬಹುಳ ಅಷ್ಟಮಿಗೆ ನಡುರಾತ್ರಿಯ ಆಸುಪಾಸು. ಚತುರ್ದಶಿಗೆ ಬೆಳಗಿನ ನಸುಕು.

ಇದರಲ್ಲೊಂದು ವಿನೋದವಿದೆ. ಶುಕ್ಲಪಕ್ಷದ ದಿನಗಳಲ್ಲಿ ಚಂದ್ರೋದಯ ಹಗಲಿನಲ್ಲಿಯೇ ಆಗಿಹೋಗುತ್ತದೆ. ಅದನ್ನು ಉದಯವೆಂದು ಯಾರೂ ಗಮನಿಸುವುದಿಲ್ಲ. ಸಂಜೆ ಪಶ್ಚಿಮದಲ್ಲಿ ಬಿದಿಗೆಯ ಚಂದ್ರನನ್ನು ಕಂಡು “ಚಂದ್ರ ಹುಟ್ಟಿದ” ಎನ್ನುತ್ತೇವೆ. ವಾಸ್ತವವಾಗಿ ಅವನು ಆಗ ಮುಳುಗುತ್ತಿರುತ್ತಾನೆ! ಇಂಗ್ಲಿಷ್ ತಾರೀಖಿನ ಲೆಕ್ಕದವರಿಗೆ ಇನ್ನೊಂದು ತೊಡಕುಂಟು. ನಡುರಾತ್ರಿಯಿಂದ ನಡುರಾತ್ರಿಗೆ ದಿನವನ್ನು ಎಣಿಸಿದರೆ ಬಹುಳ ಅಷ್ಟಮಿಯ ಹತ್ತಿರ ಒಂದು ತಾರೀಖಿಗೆ ಚಂದ್ರೋದಯವೇ ಇರುವುದಿಲ್ಲ. ಹಿಂದಿನ ತಾರೀಖಿನ ಕೊನೆಯಲ್ಲಿ ಒಂದು, ಮುಂದಿನ ತಾರೀಖಿನ ಮೊದಲಲ್ಲಿ ಒಂದು. ಸೂರ್ಯೋದಯದಿಂದ ದಿನವನ್ನು ಎಣಿಸುವ ನಮ್ಮವರಿಗೆ ಆ ಲೋಪ ಅಮಾವಾಸ್ಯೆಯ ಹತ್ತಿರ ಬೀಳುತ್ತದೆ. ಅಲ್ಲಿ ಅದರಿಂದ ಯಾವ ಅರ್ಘ್ಯಕ್ಕೂ ಬಾಧೆಯಿಲ್ಲ.

ಇನ್ನು ಊರಿನ ಮಾತು. ನಮ್ಮ ಗಡಿಯಾರಗಳೆಲ್ಲ ನಡೆಯುವುದು 82½ ಅಂಶ ಪೂರ್ವರೇಖೆಯ ಕಾಲದಂತೆ; ನಿಂಬರ್ಗಾ ಅದಕ್ಕೆ ಸುಮಾರು ಆರು ಅಂಶ ಪಶ್ಚಿಮಕ್ಕಿದೆ. ಆದುದರಿಂದ ಗಡಿಯಾರದಲ್ಲಿ ಹನ್ನೆರಡು ಹೊಡೆದು 23-24 ನಿಮಿಷಗಳಾದ ಮೇಲೆ ನಮ್ಮಲ್ಲಿ ಸರಾಸರಿ ಮಧ್ಯಾಹ್ನ. ಹೈದರಾಬಾದಿನವರಿಗೆ ಚಂದ್ರನು ನಮಗಿಂತ ಏಳೆಂಟು ನಿಮಿಷ ಮೊದಲು ಕಾಣುತ್ತಾನೆ, ಮುಂಬಯಿಯವರಿಗೆ ಕಾಲು ಗಂಟೆ ತಡವಾಗಿ. ದಿಲ್ಲಿಯಾದರೋ ಬಹುಮಟ್ಟಿಗೆ ನಮ್ಮ ನೇರಕ್ಕೇ ಉತ್ತರದಲ್ಲಿದೆ. ಅಲ್ಲಿಗೂ ಇಲ್ಲಿಗೂ ಅಂತರವೇಕಿರಬೇಕು? ಕೃಷ್ಣಾಷ್ಟಮಿಯ ಚಂದ್ರ ರೋಹಿಣಿಯ ಬಳಿ ಇರುವವನು, ಎಂದರೆ ವಿಷುವದ್ವೃತ್ತಕ್ಕೆ ಬಹಳ ಉತ್ತರದಲ್ಲಿರುವವನು. ಬೇಸಗೆಯ ಸೂರ್ಯನು ಉತ್ತರದೇಶದವರಿಗೆ ಬೇಗ ಹುಟ್ಟಿ ತಡವಾಗಿ ಮುಳುಗುವಂತೆ ಈ ಚಂದ್ರನೂ ಅವರಿಗೆ ಬೇಗನೆ ಹುಟ್ಟುತ್ತಾನೆ. ಹೀಗಾಗಿ ದಿಲ್ಲಿಯ ಚಂದ್ರೋದಯ ಅಂದು ನಮಗಿಂತ ಇಪ್ಪತ್ತೈದು ನಿಮಿಷದ ಆಸುಪಾಸು ಮುಂಚೆ ಆಗುತ್ತದೆ. ಬೆಂಗಳೂರು ನಮಗಿಂತ ಪೂರ್ವಕ್ಕಿದ್ದರೂ ದಕ್ಷಿಣದಲ್ಲಿರುವುದರಿಂದ ಅಲ್ಲಿಯವರು ಅದೇ ರಾತ್ರಿ ನಮ್ಮ ನಂತರವೇ ಚಂದ್ರನನ್ನು ಕಾಣುತ್ತಾರೆ. ಚಂದ್ರನು ಒಬ್ಬನೇ, ಆದ್ದರಿಂದ ಉದಯವೂ ಒಂದೇ ಇರಬೇಕೆಂದು ನಾನು ನಂಬಿದ್ದು ಒಂದು ಬಗೆಯ ಸೋಮಾರಿ ಅಭೇದವಾದ! ದೇಶಭೇದವೂ ಸತ್ಯವೆಂಬುದನ್ನು ಸಿದ್ಧಾಂತದ ಪುಸ್ತಕದಲ್ಲಿ ಓದಿದ್ದವನು ಮಾಳಿಗೆಯ ಮೇಲೆ ಮರೆತಿದ್ದೆ.

ಭೇದವಿದ್ದ ಮಾತ್ರಕ್ಕೆ ಒಬ್ಬರು ಸರಿ, ಇನ್ನೊಬ್ಬರು ತಪ್ಪು ಎಂದಾಗುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. 2025ರಲ್ಲಿ ಚಾಂದ್ರಮಾನದವರು ಆಗಸ್ಟ್ ನಡುವಿನಲ್ಲಿ ಅಷ್ಟಮಿಯನ್ನು ಆಚರಿಸಿದರೆ, ಉಡುಪಿಯಲ್ಲಿ ಸೌರ ಸಿಂಹಮಾಸದ ಲೆಕ್ಕದಂತೆ ಸೆಪ್ಟೆಂಬರ್ 14ರಂದು ಆಚರಣೆ ನಡೆಯಿತು. ಒಂದು ತಿಂಗಳ ಅಂತರ. ಆದರೂ ಎರಡು ಕಡೆಯವರೂ ನಿಂತದ್ದು ಬಹುಳ ಅಷ್ಟಮಿಯ ನಡುರಾತ್ರಿಯ ಚಂದ್ರನ ಎದುರಿಗೆ. ಸೊಲ್ಲಾಪುರದ ದಾತೆ ಪಂಚಾಂಗವನ್ನು ನೋಡುವ ನೆರೆಮನೆಗೂ ಮಠದ ಪಂಚಾಂಗವನ್ನು ನಡೆಸುವ ನಮ್ಮ ಮನೆಗೂ ಕೆಲವೊಮ್ಮೆ ತಿಥಿ ಹೊಂದುವುದಿಲ್ಲ. ಆ ಚರ್ಚೆಗೆ ನಾನು ಇಳಿಯಲಾರೆ. ಅವರವರ ಗುರುಪೀಠದ ನಿರ್ಣಯ ಅವರವರಿಗೆ. ಆದರೆ ಯಾವ ಪಂಚಾಂಗವನ್ನೇ ಹಿಡಿದರೂ ಹೊಲದ ಅಂಚಿನಿಂದ ಏಳುವ ಚಂದ್ರನಿಗೆ ವಿರುದ್ಧವಾಗಿ ಅದನ್ನು ಓದಲು ಬಾರದು.

ನನ್ನ ತಪ್ಪನ್ನು ನಮ್ಮ ಪ್ರಮಾಣಶಾಸ್ತ್ರದ ಮಾತಿನಲ್ಲಿಯೇ ಹೇಳಬಹುದು. ಅನುಮಾನಕ್ಕೆ ವ್ಯಾಪ್ತಿ ಬೇಕೆಂಬುದು ಎಲ್ಲರಿಗೂ ಸಮ್ಮತ. ಹೇತುವು ಪಕ್ಷದಲ್ಲಿಯೇ ಇರಬೇಕೆಂದು ತಾರ್ಕಿಕರು ಹೇಳಿದರೆ, ಶ್ರೀ ಜಯತೀರ್ಥರು ಅದು ಉಚಿತವಾದ ದೇಶದಲ್ಲಿದ್ದರೆ ಸಾಕೆನ್ನುತ್ತಾರೆ. ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ಬಹಳ ಕಷ್ಟವಿಲ್ಲ. ಗಾಣಗಾಪುರದ ಸಂಗಮದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಭೀಮಾನದಿ ತುಂಬಿ ಬಂದರೆ ಮೇಲೆ ಮಹಾರಾಷ್ಟ್ರದ ಸೀಮೆಯಲ್ಲಿ ಮಳೆಯಾಗಿದೆ, ಉಜನಿಯಿಂದ ನೀರು ಬಿಟ್ಟಿದ್ದಾರೆ ಎಂದು ಅಫಜಲಪುರದ ಹುಡುಗನೂ ತಿಳಿಯುತ್ತಾನೆ. 2020ರ ಅಕ್ಟೋಬರ್‌ನಲ್ಲಿ ಆ ತಿಳಿವಳಿಕೆ ನದಿದಂಡೆಯ ಊರುಗಳಿಗೆ ಪ್ರಾಣದ ಪ್ರಶ್ನೆಯಾಗಿತ್ತು. ನೆರೆ ಒಂದು ಕಡೆ, ಮಳೆ ಇನ್ನೊಂದು ಕಡೆ; ಆದರೂ ನದಿಯೇ ಎರಡನ್ನೂ ಜೋಡಿಸುವುದರಿಂದ ದೇಶವು ಉಚಿತವಾಗಿದೆ. ದಿಲ್ಲಿಯ ಗಣಿತದಿಂದ ನಿಂಬರ್ಗಾದ ಉದಯವನ್ನು ಊಹಿಸಿದಾಗ ಗಣಿತವೇನೋ ನಿರ್ದುಷ್ಟವೇ ಆಗಿತ್ತು, ದೇಶವು ಉಚಿತವಾಗಿರಲಿಲ್ಲ. ಈ ತಪ್ಪಿಗೆ ಕ್ಷಮೆಯುಂಟು. ಇದು ಭ್ರಮೆ, ತಿದ್ದಿಕೊಳ್ಳಬಹುದಾದದ್ದು.

ಇಲ್ಲಿ ವಾಚಕರು ಕೇಳಬಹುದು: ಗಣಿತಕ್ಕಿಂತ ಕಣ್ಣನ್ನು ನಂಬಬೇಕೆಂದಾದರೆ, ಆ ಕಣ್ಣೇ ಪ್ರತಿ ತಿಂಗಳೂ ಚಂದ್ರನ ವಿಷಯದಲ್ಲಿ ನಮ್ಮನ್ನು ವಂಚಿಸುತ್ತಿಲ್ಲವೆ? ಚಂದ್ರನು ಕ್ಷಯಿಸುವುದನ್ನು ಎಲ್ಲರೂ ಕಾಣುತ್ತೇವೆ. ಆದರೆ ಅವನ ಮಂಡಲವು ಕ್ಷಯಿಸುವುದೇ ಇಲ್ಲ. ಸೂರ್ಯನ ಸುಷುಮ್ನಾ ಎಂಬ ರಶ್ಮಿಯಿಂದ ಚಂದ್ರನು ಬೆಳಗುವನೆಂದು ಯಾಸ್ಕರು ನಿರುಕ್ತದಲ್ಲಿಯೇ ಹೇಳಿದ್ದಾರೆ. ಗ್ರಹಣಕಾಲವೊಂದನ್ನು ಬಿಟ್ಟರೆ ಅವನ ಅರ್ಧಭಾಗ ಸದಾ ಬೆಳಗಿಯೇ ಇರುತ್ತದೆ. (ದಕ್ಷಶಾಪದ ಕಥೆ ಅಭಿಮಾನಿದೇವತೆಯಾದ ಚಂದ್ರನನ್ನು ಕುರಿತದ್ದು, ಇಲ್ಲಿಯ ಮಾತು ಕಾಣುವ ಮಂಡಲವನ್ನು ಕುರಿತದ್ದು.) ಈ ಬಗೆಯ ಪ್ರಶ್ನೆ ಹೊಸತಲ್ಲ. ಚಂದ್ರನು ಗೇಣುದ್ದವಾಗಿ ಕಾಣುವುದು ಶಾಸ್ತ್ರದಿಂದ ಬಾಧಿತವಾಗುವಂತೆ ಭೇದದ ಪ್ರತ್ಯಕ್ಷವೂ ಬಾಧಿತವಾಗಲಿ ಎಂಬ ವಾದವನ್ನು ಶ್ರೀ ವ್ಯಾಸರಾಜರು ನ್ಯಾಯಾಮೃತದಲ್ಲಿ ಎದುರಿಸಿದ್ದಾರೆ. ಅತಿದೂರವೆಂಬ ದೋಷವಿರುವಲ್ಲಿ ಕಣ್ಣು ಸೋಲುವುದುಂಟು. ದೋಷವಿಲ್ಲದ ಪ್ರತ್ಯಕ್ಷ ಅದರಿಂದ ಕೆಡುವುದಿಲ್ಲವೆಂಬುದು ನಮ್ಮವರ ನಿಲುವು.

ಕ್ಷಯದ ವಿಷಯದಲ್ಲಾದರೋ ಕಣ್ಣು ಅಷ್ಟು ಕೂಡ ಸೋತಿಲ್ಲವೆಂದು ನನಗೆ ತೋರುತ್ತದೆ. ಬಹುಳ ದ್ವಾದಶಿಯ ಮುಂಜಾವದಲ್ಲಿ ಕಣ್ಣು ಹೇಳುವುದೇನು? “ಇಲ್ಲಿಂದ ನನಗೆ ಇಷ್ಟು ಬೆಳಗಿದ ಭಾಗ ಕಾಣುತ್ತಿದೆ” ಎಂದು. ಅದು ಅಕ್ಷರಶಃ ನಿಜ. “ಚಂದ್ರ ಸವೆದ” ಎಂದು ಸೇರಿಸುವವರು ನಾವು. ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ಮಾಡುತ್ತೇವೆ. “ಅವರ ಮನಿಗೆ ಕಳೆನೇ ಉಳಿದಿಲ್ಲ” ಎಂದು ಓಣಿಯಲ್ಲಿ ಆಡಿಕೊಳ್ಳುವವರು ಆ ಮನೆಯ ಬಾಗಿಲ ಒಳಗೆ ಎಷ್ಟು ಸಲ ಹೋಗಿರುತ್ತಾರೆ? ಭಾದ್ರಪದ ಶುದ್ಧ ಚೌತಿಯ ಚಂದ್ರನನ್ನು ನೋಡಿದವರು ಸ್ಯಮಂತಕದ ಕಥೆಯನ್ನೇ ಕೇಳಬೇಕೆಂದು ವಿಧಿಸಿರುವುದನ್ನೂ ನಾನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ಪ್ರಸೇನನು ಮಣಿಯನ್ನು ಧರಿಸಿ ಬೇಟೆಗೆ ಹೋದದ್ದನ್ನು ಜನ ಕಂಡಿದ್ದರು, ಮರಳಿ ಬಾರದುದನ್ನೂ ಕಂಡಿದ್ದರು. ಕಂಡದ್ದು ಅಷ್ಟೇ. ಶ್ರೀಕೃಷ್ಣನೇ ಕೊಂದನೆಂಬುದು ಸತ್ರಾಜಿತನು ಕೂಡಿಸಿದ್ದು, ದ್ವಾರಕೆ ಕಿವಿಯಿಂದ ಕಿವಿಗೆ ದಾಟಿಸಿದ್ದು. ಸಿಂಹವನ್ನಾಗಲಿ ಜಾಂಬವಂತನನ್ನಾಗಲಿ ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ.

ಅಮಾವಾಸ್ಯೆಯನ್ನೇ ನೋಡಿರಿ. ನಮಗೆ ಅಂದು ಚಂದ್ರನಿಲ್ಲ. ಪಿತೃಗಳು ಚಂದ್ರಮಂಡಲದ ಮೇಲ್ಭಾಗದಲ್ಲಿರುವರೆಂದೂ ನಮ್ಮ ಅಮಾವಾಸ್ಯೆ ಅವರಿಗೆ ಮಧ್ಯಾಹ್ನವೆಂದೂ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ತಿಳಿಸಿದ್ದಾರೆ. ನಮಗೆಂದೂ ಕಾಣದ ಆ ಮೈಯ ಚಿತ್ರವನ್ನು 1959ರಲ್ಲಿ ರಷ್ಯನ್ನರು ಕಳುಹಿಸಿದ ನೌಕೆ ಮೊದಲ ಬಾರಿಗೆ ತೆಗೆಯಿತು. ನಾವು ಕತ್ತಲೆಂದು ಕರೆಯುವ ತಿಥಿಯಲ್ಲಿ ಆ ಮೈಯೆಲ್ಲ ಪೂರ್ಣ ಬಿಸಿಲಿನಲ್ಲಿರುತ್ತದೆಂಬುದರಲ್ಲಿ ಈಗ ಯಾರಿಗೂ ಸಂಶಯವಿಲ್ಲ. ದರ್ಶದ ದಿನ ಅಪರಾಹ್ಣದಲ್ಲಿ ಎಳ್ಳುನೀರು ಬಿಡುವಾಗ ಈ ಸಂಗತಿ ನೆನಪಿಗೆ ಬಂದರೆ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಸೀಮೆಯ ಒಕ್ಕಲುಮಕ್ಕಳು ಈ ಶಾಸ್ತ್ರವನ್ನೆಲ್ಲ ಓದದೆಯೂ ಎಳ್ಳಮಾವಾಸ್ಯೆಯಂದು ಹೊಲಕ್ಕೆ ಭಜ್ಜಿ, ಕಡಬು, ರೊಟ್ಟಿಗಳನ್ನು ಒಯ್ದು ಚರಗ ಚೆಲ್ಲಿ ಬಂಧುಬಳಗದೊಡನೆ ಉಣ್ಣುತ್ತಾರೆ. ಅಮಾವಾಸ್ಯೆ ಎಂದರೆ ಬರಿಯ ಇಲ್ಲದಿರುವಿಕೆ ಎಂದು ಅವರಿಗೆ ಯಾರೂ ಕಲಿಸಿದಂತಿಲ್ಲ.

ಮತ್ತೆ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಆ ರಾತ್ರಿ ನನ್ನನ್ನು ಸಮಾಧಾನಪಡಿಸಿದವರು ಹಲವರು. “ಭಾವ ಮುಖ್ಯ, ದೇವರು ಗಡಿಯಾರ ನೋಡ್ತಾನೇನು?” ಎಂದರು. ಭಗವಂತನು ಸರ್ವಾಂತರ್ಯಾಮಿ, ಚಂದ್ರನು ಭೂಮಿಯ ಕೆಳಗಿರಲಿ ಮೇಲಿರಲಿ, ಭಕ್ತರು ಕೊಟ್ಟ ಒಂದು ಬೊಗಸೆ ನೀರು ಅವನಿಗೆ ತಲುಪದೆ ಹೋಗುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ, ಮತ್ತು ಅಜ್ಜಿಯ ಅರ್ಘ್ಯ ವ್ಯರ್ಥವಾಯಿತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಸಮಾಧಾನ ಅವರಿಗೆ ಸಲ್ಲುತ್ತದೆ, ನನಗೆ ಸಲ್ಲದು. ಏಕೆಂದರೆ ಅವರ ಭಾವ ನಿಂತಿದ್ದುದು ನನ್ನ ಮಾತಿನ ಮೇಲೆ. ಹಗಲೆಲ್ಲ ಹನಿ ನೀರಿಲ್ಲದೆ ಉಪವಾಸವಿದ್ದ ಎಂಬತ್ತರ ಜೀವ ಮಾಳಿಗೆಯ ಮೆಟ್ಟಿಲನ್ನು ಹತ್ತಲಾರದೆ ಕೆಳಗೆ ಕುಳಿತು, ಗುಡಿಯ ಆಚಾರ್ಯರ ಮಗ ನೋಡಿ ಬಂದು ಹೇಳಿದ್ದಾನೆಂದು ನಂಬಿ ಕೈಯಲ್ಲಿ ನೀರು ಹಿಡಿಯಿತು. ಆ ಹೊತ್ತಿಗೆ ಅವರಿಗೆ ನನ್ನ ಮಾತೇ ಆಪ್ತವಾಕ್ಯ. ವೇಳೆ ತಪ್ಪಿದ್ದು ಅಜ್ಞಾನದಿಂದಾಯಿತು. “ಮೋಡದ ಹಿಂದ ಅದಾನ” ಎಂಬ ಮೂರು ಪದಗಳು ಅಜ್ಞಾನದಿಂದ ಬಂದವಲ್ಲ. ಕಾಣಲಿಲ್ಲವೆಂದು ನನಗೆ ತಿಳಿದಿತ್ತು. ಮೊಬೈಲಿನಲ್ಲಿ ಕಾಯುತ್ತಿದ್ದವರನ್ನು ಇನ್ನಷ್ಟು ಕಾಯಿಸಬಾರದೆಂಬ ದಾಕ್ಷಿಣ್ಯಕ್ಕೂ, ಹೊಸದಾಗಿ ಹೊಣೆ ಹೊತ್ತವನು ತಡವರಿಸಬಾರದೆಂಬ ಅಭಿಮಾನಕ್ಕೂ ಸಿಕ್ಕಿ ಲೆಕ್ಕವನ್ನು ದರ್ಶನವೆಂದು ಮಾರಿದೆ. ಗಣಿತ ಸರಿಯಾಗಿದ್ದು ಚಂದ್ರನು ನಿಜವಾಗಿಯೂ ಮೋಡದ ಹಿಂದೆ ಇದ್ದಿದ್ದರೂ ನನ್ನ ಮಾತಿನ ದೋಷ ಕಡಿಮೆಯಾಗುತ್ತಿರಲಿಲ್ಲ, ಸಿಕ್ಕಿಬೀಳುತ್ತಿರಲಿಲ್ಲ, ಅಷ್ಟೆ. ಹಾಗೆ ಸಿಕ್ಕಿಬೀಳದೆ ಹೋದ ಮಾತುಗಳು ಎಷ್ಟಿರಬಹುದೆಂಬ ಲೆಕ್ಕವನ್ನು ಯಾವ ಪಂಚಾಂಗವೂ ಕೊಡಲಾರದು.

ತೀರ್ಥರೂಪರು ಆ ರಾತ್ರಿ ಎಲ್ಲರಿಂದಲೂ ಎರಡನೆಯ ಸಲ ಅರ್ಘ್ಯವನ್ನು ಕೊಡಿಸಿದರು. ಮೊದಲಿನದರ ವಿಷಯವಾಗಿ ಅಂದಾಗಲಿ ಮುಂದಾಗಲಿ ಒಂದು ಮಾತನ್ನೂ ಆಡಲಿಲ್ಲ. ಮರುವರ್ಷದಿಂದ ನಾನು ನಮ್ಮ ಊರಿನ ರೇಖಾಂಶ, ಅಕ್ಷಾಂಶಗಳನ್ನಿಟ್ಟು ಗಣಿಸಿದ ಚಂದ್ರೋದಯದ ವೇಳೆಯನ್ನು ಗುಡಿಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿಡುತ್ತೇನೆ, ಪಕ್ಕದಲ್ಲಿ ‘ನಿಂಬರ್ಗಾ’ ಎಂದು. ಹೈದರಾಬಾದಿನವರು ನಮಗಿಂತ ಮೊದಲು ಅರ್ಘ್ಯ ಕೊಟ್ಟು ಸುಮ್ಮನೆ ಕುಳಿತು ನಮ್ಮನ್ನು ನೋಡುತ್ತಾರೆ. ಪುಣೆಯವರು ನಮ್ಮದನ್ನು ನೋಡಿ ತಮ್ಮ ಸರದಿಗೆ ಕಾಯುತ್ತಾರೆ. ಮಕ್ಕಳಿಗೆ ಇದೊಂದು ಆಟವಾಗಿದೆ.

ಹಿಂದಿನ ಅಷ್ಟಮಿಗೆ ಮತ್ತೆ ಮೋಡ. ಮಾಳಿಗೆಯಿಂದ ಇಳಿದು ಬಂದು, “ಕಾಣವಲ್ದು, ಲೆಕ್ಕದ ಪ್ರಕಾರ ಉದಯ ಆಗ್ಯದ, ಕೊಡೂಣು” ಎಂದೆ. ಅಜ್ಜಿ ನೀರು ತುಂಬಿದ ಕೈಯನ್ನು ಎತ್ತಿದವರು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು. “ಲೆಕ್ಕ ನಮ್ಮೂರದೇ ಹೌದಲ್ಲ?” ಹೌದೆಂದು ತಲೆಯಾಡಿಸಿದೆ. ತಲೆಯಾಡಿಸಿದ್ದು ಅವರಿಗೆ ಕತ್ತಲಲ್ಲಿ ಕಾಣಿಸಲಿಲ್ಲವೆಂದು ಹೊಳೆದು, “ಹೌದಜ್ಜಿ, ನಮ್ಮೂರದೇ” ಎಂದು ಬಾಯಿಬಿಟ್ಟು ಹೇಳಿದ ಮೇಲೆ ಅರ್ಘ್ಯವನ್ನು ಬಿಟ್ಟರು.

॥ ಶ್ರೀಕೃಷ್ಣಾರ್ಪಣಮಸ್ತು ॥